ಬ್ಲೂಸ್ ಶ್ರೇಣಿಯ ಅಭ್ಯಾಸ: ಕೋಮಲ ಗಾಂಧಾರದ ನೆಲೆ

ಕೊಪ್ಪಳದ ನಮ್ಮ ಓಣಿಯ ಭಜನೆಗಳಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸಿಕೊಂಡು ಬಂದ ನನಗೆ ಅಮೆರಿಕದ ಬ್ಲೂಸ್ ಸಂಗೀತದ ಶ್ರೇಣಿಯ (ಸ್ಕೇಲ್) ಸ್ವರಗಳನ್ನು ಕೈಗೆ ತಂದುಕೊಳ್ಳುವುದು ಕಷ್ಟವಾಗಲಿಲ್ಲ. ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ ಎಂಬ ಐದೂ ಧಾನಿ ರಾಗದ ಸ್ವರಗಳೇ. ಅವುಗಳೊಡನೆ ತೀವ್ರ ಮಧ್ಯಮ ಸೇರಿದರೆ ಶ್ರೇಣಿ ಪೂರ್ಣವಾಗುತ್ತದೆ. ಪೇಟಿಯ ಬಿಳಿ ಆರನ್ನು (ಆರನೆಯ ಬಿಳಿ ಮನೆಯನ್ನು) ಷಡ್ಜವಾಗಿ ಹಿಡಿದರೆ ತೀವ್ರ ಮಧ್ಯಮವೊಂದು ಮಾತ್ರ ಕರಿ ಎರಡಕ್ಕೆ ಬೀಳುತ್ತದೆ, ಉಳಿದವೆಲ್ಲ ಬಿಳಿಯವೇ. ಗಿಟಾರಿನಲ್ಲಿ ಇದೇ ಶ್ರೇಣಿ, ಕೊರಳಿನ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಪೈಕಿ ಐದನೆಯ ಫ್ರೆಟ್‌ನಿಂದ ಎಂಟನೆಯದರೊಳಗೆ ಸಿಗುತ್ತದೆ.

ಈ ತಿಂಗಳ ಅಭ್ಯಾಸವೆಲ್ಲ ಹನ್ನೆರಡು ಬಾರ್‌ಗಳ ಆವರ್ತನದ ಮೇಲೆ ನಡೆದಿದೆ. ನಾಲ್ಕು ಮಾತ್ರೆಗೊಂದು ಬಾರ್. ಮೊದಲ ನಾಲ್ಕು ಬಾರ್ ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಎರಡು ಮಧ್ಯಮದ್ದು, ಮತ್ತೆ ಎರಡು ಷಡ್ಜದ್ದು, ಆಮೇಲೆ ಪಂಚಮದ್ದೊಂದು, ಮಧ್ಯಮದ್ದೊಂದು, ಕೊನೆಗೆ ಷಡ್ಜದ್ದೆರಡು. ಮಾತ್ರೆಯನ್ನು ಮೂರಾಗಿ ಒಡೆಯುವ ಶಫಲ್ ನಡೆ ಮೂರು ಮೂರು ಮಾತ್ರೆಯ ದಾದ್ರಾ ತಾಳಕ್ಕೆ ಒಗ್ಗಿದ ಕೈಗೆ ಬೇಗ ಹಿಡಿಸಿತು.

ನಿಜವಾದ ವಿಷಯ ಇರುವುದು ಕಾರ್ಡ್ ಬದಲಾಗುವಲ್ಲಿ. ತಂಬೂರಿಯ ಷಡ್ಜ ಕದಲದೆ ನಿಂತಿರುವುದರಿಂದ ನಮ್ಮಲ್ಲಿ ಪ್ರತಿ ಸ್ವರಕ್ಕೂ ಒಂದೇ ಆಧಾರ. ಬ್ಲೂಸ್‌ನಲ್ಲಿ ಷಡ್ಜದ ಕಾರ್ಡ್ ಎಂದರೆ ಷಡ್ಜ, ಶುದ್ಧ ಗಾಂಧಾರ, ಪಂಚಮ, ಕೋಮಲ ನಿಷಾದ. ಅದರ ಮೇಲೆ ಕೋಮಲ ಗಾಂಧಾರವನ್ನು ನುಡಿಸಿದಾಗ ಎರಡು ಗಾಂಧಾರಗಳು ಒಂದೇ ಹೊತ್ತಿನಲ್ಲಿ ಕೇಳಿಸಿ, ಆ ತಿಕ್ಕಾಟವೇ ಬ್ಲೂಸ್‌ನ ರಸವಾಗುತ್ತದೆ. ಐದನೆಯ ಬಾರ್‌ನಲ್ಲಿ ಮಧ್ಯಮದ ಕಾರ್ಡ್ ಬಂದಾಗ ಅದರಲ್ಲಿರುವುದು ಮಧ್ಯಮ, ಶುದ್ಧ ಧೈವತ, ಷಡ್ಜ ಮತ್ತು ಅದೇ ಕೋಮಲ ಗಾಂಧಾರ. ಅಲ್ಲಿಯವರೆಗೆ ಪರಕೀಯವಾಗಿದ್ದ ಸ್ವರ, ಬೆರಳು ಕದಲಿಸದಿದ್ದರೂ, ಕಾರ್ಡಿನ ಒಳಗಿನದಾಗಿಬಿಡುತ್ತದೆ. ಇದನ್ನು ಕೇಳಿಸಿಕೊಂಡ ನಮ್ಮ ಪೇಟಿ ಮಾಸ್ತರು ಜೋಗ್ ರಾಗವನ್ನು ನೆನಪಿಸಿದರು. ಹೋಲಿಕೆ ಸರಿಯಾದುದೇ, ಆದರೆ ಜೋಗ್‌ನಲ್ಲಿ ಶುದ್ಧ ಗಾಂಧಾರ ಏರುವಾಗ ಬಂದು ಕೋಮಲವು ಇಳಿಯುವಾಗ ಷಡ್ಜಕ್ಕೆ ಸೇರುವ ಮುನ್ನ ಬರುವುದರಿಂದ ಅವು ಸರದಿಯಲ್ಲಿ ಕೇಳಿಸುತ್ತವೆ.

ತೀವ್ರ ಮಧ್ಯಮದ ಮೇಲೆ ನಿಲ್ಲಬಾರದು. ಶುದ್ಧ ಮಧ್ಯಮದಿಂದ ಪಂಚಮಕ್ಕೋ, ಪಂಚಮದಿಂದ ಕೆಳಕ್ಕೋ ಹೋಗುವ ದಾರಿಯಲ್ಲಿ ಅದನ್ನು ಮುಟ್ಟಿ ದಾಟಿದರೆ ಸಾಕು.

ಪೇಟಿಯ ಮಿತಿ ಗಾಂಧಾರದಲ್ಲಿಯೇ ಎದ್ದು ಕಾಣುತ್ತದೆ. ಸ್ವರಗಳ ಅಂತರವನ್ನು ಅಳೆಯುವ ಮಾನ ಸೆಂಟ್; ಪೇಟಿಯ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ನೂರು ಸೆಂಟ್. ಅದರ ಕೋಮಲ ಗಾಂಧಾರ 300 ಸೆಂಟ್‌ಗೂ ಶುದ್ಧ ಗಾಂಧಾರ 400 ಸೆಂಟ್‌ಗೂ ಕಟ್ಟಿಹಾಕಿದಂತಿದ್ದು, ಬ್ಲೂಸ್ ಹಾಡುವವರು ಮತ್ತೆ ಮತ್ತೆ ತಂಗುವುದು ಅವೆರಡರ ನಡುವೆ. ಅಮೆರಿಕದ ದಕ್ಷಿಣ ಸೀಮೆಯ ಆಫ್ರಿಕನ್ ಅಮೆರಿಕನ್ನರ ಕಂಠದಲ್ಲಿ ಹುಟ್ಟಿದ ಸಂಗೀತವಿದು. ಆರು ಸ್ವರಗಳ ಪಟ್ಟಿ ಆಮೇಲೆ ಕಲಿಸುವವರ ಅನುಕೂಲಕ್ಕೆ ಬಂದದ್ದು. ಆದ್ದರಿಂದ ಗಿಟಾರಿನ ಮೂರನೆಯ ತಂತಿಯನ್ನು ಐದನೆಯ ಫ್ರೆಟ್‌ನಲ್ಲಿ ಒತ್ತಿ, ಶುದ್ಧ ಗಾಂಧಾರವನ್ನು ಮುಟ್ಟದಷ್ಟು ಮಾತ್ರ ಎಳೆಯುವುದನ್ನು ದಿನವೂ ಅಭ್ಯಾಸ ಮಾಡುತ್ತಿದ್ದೇನೆ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ (1925–2015) ಒಂದೇ ಸ್ವರವನ್ನು ಎಳೆದು, ನಡುಗಿಸಿ, ಅದರಲ್ಲಿಯೇ ಒಂದು ಮಾತನ್ನು ಮುಗಿಸುವುದನ್ನು ಕೇಳಿದಾಗ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕಲಿತವರಿಗೆ ಪರಿಚಿತ ಶ್ರದ್ಧೆಯೇ ಕಾಣುತ್ತದೆ.

ಒಂಬತ್ತನೆಯ ಬಾರ್ ಇನ್ನೂ ಹಿಡಿತಕ್ಕೆ ಬಂದಿಲ್ಲ. ಪಂಚಮದ ಕಾರ್ಡಿನಲ್ಲಿ ಶುದ್ಧ ನಿಷಾದವೂ ರಿಷಭವೂ ಇರುವುದರಿಂದ ಶ್ರೇಣಿಯ ಕೋಮಲ ನಿಷಾದ ಅಲ್ಲಿ ಗಡುಸಾಗಿ ಕೇಳುತ್ತದೆ. ಶ್ರೇಣಿಯ ಮಧ್ಯಮ ಆ ಕಾರ್ಡಿನಲ್ಲಿಯೂ ಇದೆ, ಹತ್ತನೆಯ ಬಾರ್‌ಗೆ ಅದೇ ಮೂಲಸ್ವರವೂ ಹೌದು. ಹಾಗಾಗಿ ಸದ್ಯಕ್ಕೆ ಒಂಬತ್ತರಲ್ಲಿ ಮಧ್ಯಮವನ್ನು ಹಿಡಿದು, ಹತ್ತರಲ್ಲಿ ಕೋಮಲ ಗಾಂಧಾರಕ್ಕಿಳಿದು, ಹನ್ನೊಂದರ ಮೊದಲ ಮಾತ್ರೆಗೆ ಷಡ್ಜವನ್ನು ತಲುಪುವ ಹಾದಿಯನ್ನು ನಿಧಾನಲಯದಲ್ಲಿ ತಿದ್ದುತ್ತಿದ್ದೇನೆ.