ಪೈಪಿಗೆ ದುಡ್ಡಿದೆ, ಕರೆಂಟ್ ಬಿಲ್ ಯಾರು ಕಟ್ತಾರೆ?

ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಿಗೆ ಎಸ್ಟಿಮೇಟ್ ಮಾಡುವುದು ನನ್ನ ಕೆಲಸ. ಹೊಳೆಯ ನೀರನ್ನು ಜಾಕ್‌ವೆಲ್‌ನಿಂದ (ಪಂಪು ಕೂರಿಸುವ ದೊಡ್ಡ ಬಾವಿ) ಎತ್ತಿ, ಶುದ್ಧ ಮಾಡಿ, ಹತ್ತಾರು ಊರಿನ ಟ್ಯಾಂಕಿಗೆ ಮುಟ್ಟಿಸಬೇಕು. ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇರುವ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಡಿಪಿಆರ್ (ವಿವರವಾದ ಯೋಜನಾ ವರದಿ) ಕೈಗೆ ಬಂದ ತಕ್ಷಣ ಈಗ ನಾನು ಹುಡುಕುವುದು ವರ್ಷದ ನಿರ್ವಹಣೆ ವೆಚ್ಚದ ಹಾಳೆಯನ್ನು.

ಕಟ್ಟುವುದಕ್ಕೆ ಹಣ ಹೇಗೋ ಬರುತ್ತದೆ. 2019ರ ಆಗಸ್ಟ್ 15ರಂದು ಘೋಷಣೆಯಾದ, ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕಕ್ಕೆ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು. ಊರೊಳಗಿನ ಕೆಲಸಕ್ಕೆ ಊರಿನವರ ವಂತಿಗೆ ಸಾಮಾನ್ಯವಾಗಿ ಶೇ 10. ಇಷ್ಟು ಎಲ್ಲರಿಗೂ ಬಾಯಿಪಾಠ. ನಲ್ಲಿಯಲ್ಲಿ ನೀರು ಬಂದ ಮೇಲಿನ ಖರ್ಚು?

ಒಂದು ಗ್ರಾಮಸಭೆಯಲ್ಲಿ ಸ್ವಸಹಾಯ ಸಂಘದ ಅಮ್ಮ ಒಬ್ಬರು ಎದ್ದು ಇದನ್ನೇ ಕೇಳಿದರು. "ಸಾರ್, ಪೈಪ್ ಹಾಕ್ತೀರ, ಸಂತೋಷ. ಕರೆಂಟ್ ಬಿಲ್ ಯಾರ್ ಕಟ್ತಾರೆ? ಅದನ್ನ ಮೊದ್ಲು ಹೇಳಿ."

ಅಲ್ಲೇ ಲೆಕ್ಕ ಹಾಕಿ ತೋರಿಸಿದೆ. 10 ಲಕ್ಷ ಲೀಟರ್ ಅಂದರೆ ಸುಮಾರು 18 ಸಾವಿರ ಜನರ ಒಂದು ದಿನದ ನೀರು. ಅದನ್ನು 100 ಮೀಟರ್ ಮೇಲಕ್ಕೆತ್ತಲು ಏನೂ ನಷ್ಟವಿಲ್ಲದಿದ್ದರೂ 272 ಯೂನಿಟ್ ಬೇಕು. ಪಂಪು, ಮೋಟಾರಿನ ನಷ್ಟ ಸೇರಿದರೆ 400ಕ್ಕೆ ಹೋಗುತ್ತದೆ. ತಿಂಗಳಿಗೆ 12 ಸಾವಿರ ಯೂನಿಟ್! ಸಭೆಯಲ್ಲಿ ಗುಸುಗುಸು ಶುರುವಾಯಿತು. ಅದನ್ನೇ ಮನೆಗೆ ಐದು ಜನರಂತೆ ಹಂಚಿದೆ. ಒಂದು ಮನೆಗೆ ತಿಂಗಳಿಗೆ ಮೂರೂವರೆ ಯೂನಿಟ್ಟೂ ಬರಲಿಲ್ಲ. "ಅಷ್ಟೇನಾ? ನೀರು ಬಂದ್ರೆ ಕಟ್ತೀವಿ ಬಿಡಿ" ಅಂದರು.

ಎಲ್ಲಾ ನಿಂತಿರುವುದು ಆ 'ಬಂದ್ರೆ' ಮೇಲೆಯೇ. ಕೊನೆಯ ಊರಿನ ಟ್ಯಾಂಕ್ ತುಂಬದಿದ್ದರೆ ಅಲ್ಲಿನವರು ನೀರಿನ ಕಂದಾಯ ಸುಮ್ನೆ ಯಾಕೆ ಕಟ್ಟುತ್ತಾರೆ? ಕಂದಾಯ ಬರದಿದ್ದರೆ ಬಿಲ್ ಬಾಕಿ, ವಾಟರ್‌ಮನ್ ಸಂಬಳ ಬಾಕಿ. ಸೋರುವ ವಾಲ್ವ್ ಸೋರುತ್ತಲೇ ಇರುತ್ತದೆ. ಜನರ ತೆರಿಗೆಯ ಕೋಟಿಗಟ್ಟಲೆ ಹಣ ಹೀಗೆ ಮಣ್ಣುಪಾಲಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 15ನೇ ಹಣಕಾಸು ಆಯೋಗ 2021-26ಕ್ಕೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಅದೊಂದು ಆಸರೆ. ಆದರೆ ಕಂದಾಯ ನಿಂತ ಕಡೆ ಅದರಿಂದಲೇ ಎಲ್ಲಾ ತೂಗಿಸಲು ಆಗುವುದಿಲ್ಲ.

ಅದಕ್ಕೇ ಪ್ರತಿ ಊರಿನ ಟ್ಯಾಂಕಿಗೆ ನೀರು ಬರುವ ಪೈಪಿಗೆ ಬಲ್ಕ್ ಮೀಟರ್ (ಊರಿಗೆ ಬಂದ ಒಟ್ಟು ನೀರು ಅಳೆಯುವ ಮೀಟರ್) ಬೇಕೇ ಬೇಕು ಎಂದು ಹಟ ಹಿಡಿಯುತ್ತೇನೆ. ಮೊತ್ತ ಇಳಿಸಿ ಅಂದಾಗ ಮೊದಲು ಕತ್ತರಿ ಬೀಳುವುದು ಮೀಟರಿಗೇ. ಅದಿದ್ದರೆ ಯಾವ ಊರಿಗೆ ಎಷ್ಟು ನೀರು ಹೋಯಿತು ಎಂದು ಗ್ರಾಮಸಭೆಯಲ್ಲಿ ಓದಿ ಹೇಳಬಹುದು, ಜಗಳ ಅರ್ಧಕ್ಕರ್ಧ ಕಡಿಮೆ. ಕೊನೆಯ ಊರಿನ ರೀಡಿಂಗ್ ನೋಡದೆ ಹಸ್ತಾಂತರದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ.