ಹೂವಿನ ಜೊತೆ ಒಂದಿಷ್ಟು ಬರೀ ಮಣ್ಣೂ ಬಿಡಿ

ಒಮ್ಮೆ ಮನೆ ಹಿಂದಿನ ಜಾಗವನ್ನು ಪೂರ್ತಿ ಚೊಕ್ಕ ಮಾಡಿದ್ದೆ. ಕಳೆ ಕಿತ್ತು, ಮಣ್ಣಿನ ಮೇಲೆ ದಪ್ಪಗೆ ಒಣ ಎಲೆ ಹಾಸಿದ್ದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅಲ್ಲೊಂದು ಜೇನು, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವಂಥದ್ದು, ಒಂದೇ ಕಡೆ ಸುತ್ತು ಹಾಕುತ್ತಿತ್ತು. ಕೂರುತ್ತಿತ್ತು, ಎಲೆ ಕೆದಕುತ್ತಿತ್ತು, ಮತ್ತೆ ಏಳುತ್ತಿತ್ತು. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡಿತ್ತು. ಸುಮಾರು ಹೊತ್ತು ನೋಡಿದ ಮೇಲೆ ಅನುಮಾನ ಬಂದು ಎಲೆ ಸರಿಸಿದೆ. ಕೆಳಗೆ ಸಣ್ಣದೊಂದು ತೂತು! ಅದರ ಮನೆ ಬಾಗಿಲನ್ನೇ ಮುಚ್ಚಿಬಿಟ್ಟಿದ್ದೆ. ಒಂದೇ ನಿಮಿಷ, ಅದು ಒಳಗೆ ಹೋಯಿತು.

ಜೇನು ಅಂದರೆ ನಮಗೆ ಹೆಜ್ಜೇನು, ತುಡುವೆ, ಕೋಲುಜೇನು ಇಷ್ಟೇ ನೆನಪಾಗುತ್ತವೆ, ಅಲ್ವಾ? ಆದರೆ ಜಗತ್ತಿನಲ್ಲಿ ಸುಮಾರು 20,000 ಬಗೆಯ ಜೇನುಗಳಿವೆ. ಅವುಗಳಲ್ಲಿ ಜಾಸ್ತಿ ಪಾಲು ಒಂಟಿ ಜೀವಗಳು. ತುಪ್ಪ ಕೂಡಿಡುವುದಿಲ್ಲ, ಒಂದೊಂದು ಹೆಣ್ಣೂ ತನ್ನ ಗೂಡನ್ನು ತಾನೇ ಮಾಡಿಕೊಳ್ಳುತ್ತದೆ, ಅದೂ ಬಹುತೇಕ ನೆಲದೊಳಗೆ. ಹಾಗಾಗಿ ಬಿಸಿಲು ಬೀಳುವ ಒಂದು ಮೂಲೆಯಲ್ಲಿ ಏನೂ ಹಾಸದೆ, ಅಗೆಯದೆ, ಮಣ್ಣನ್ನು ಸುಮ್ನೆ ಬಿಡಬೇಕು. ಇದಕ್ಕೆ ಖರ್ಚೂ ಇಲ್ಲ, ಕೆಲಸವೂ ಇಲ್ಲ, ಆದರೂ ಎಲ್ಲರೂ ಮರೆಯುವುದು ಇದನ್ನೇ.

ಗಿಡದ ವಿಷಯಕ್ಕೆ ಬಂದರೆ, ನಿಮ್ಮ ನೆಲದಲ್ಲಿ ತಾನಾಗಿ ಹುಟ್ಟುವ ಗಿಡಗಳನ್ನೇ ಮೊದಲು ನೋಡಿ. ತುಂಬೆಯನ್ನು ಕಳೆ ಅಂತ ಕೀಳುತ್ತೇವೆ, ಆದರೆ ಆ ಪುಟ್ಟ ಬಿಳಿ ಹೂವಿಗೆ ಎಷ್ಟೊಂದು ಜೇನು, ಚಿಟ್ಟೆ ಬರುತ್ತವೆ! ಒಂದೊಂದು ಗಿಡ ಅಲ್ಲೊಂದು ಇಲ್ಲೊಂದು ನೆಡುವ ಬದಲು ಒಂದೇ ಜಾತಿಯದನ್ನು ಗುಂಪಾಗಿ ಬೆಳೆಸಿದರೆ ಅವಕ್ಕೆ ಅಲೆದಾಟ ಕಡಿಮೆ. ಒಂದು ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು. ನರ್ಸರಿಯಲ್ಲಿ ಸಿಗುವ ಹತ್ತಾರು ಸುತ್ತಿನ ದಪ್ಪ ಹೂಗಳು ಕಣ್ಣಿಗೆ ಚೆಂದ, ನಿಜ. ಆದರೆ ಅವುಗಳಲ್ಲಿ ಎಷ್ಟೋ ಹೂಗಳ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ, ಪರಾಗ ಸಿಗುವುದು ಕಷ್ಟ.

ಚಿಟ್ಟೆ ಬೇಕು ಅಂದರೆ ಎಲೆ ತೂತಾಗುವುದನ್ನು ಸಹಿಸಲೇಬೇಕು. ಎಕ್ಕದ ಎಲೆ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ನಾಳೆಯ ಕಿತ್ತಳೆ ಬಣ್ಣದ ಚಿಟ್ಟೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವುದೂ ಚಿಟ್ಟೆಮರಿಯೇ ಇರಬಹುದು, ದಯವಿಟ್ಟು ಒರೆಸಿ ಹಾಕಬೇಡಿ. ಕೀಟನಾಶಕವಂತೂ ಬೇಡವೇ ಬೇಡ. ಕೆಲವು ಔಷಧಿಗಳು ಗಿಡದೊಳಗೇ ಹರಿದು ಮಕರಂದಕ್ಕೂ ಸೇರುತ್ತವೆ. ಅದಕ್ಕೇ ಸಸಿ ತರುವಾಗ ಏನಾದರೂ ಹೊಡೆದಿದ್ದಾರಾ ಅಂತ ಕೇಳಿ.

ಒಣಗಿದ ಕಡ್ಡಿಗಳನ್ನೂ ನಾನೀಗ ಕತ್ತರಿಸುವುದಿಲ್ಲ. ದಪ್ಪ ಒಣ ಮರದಲ್ಲಿ ಕಪ್ಪು ದುಂಬಿ ಕೊರೆದು ಮನೆ ಮಾಡುತ್ತದೆ. ಸಣ್ಣ ಕಡ್ಡಿಗಳ ಉಪಯೋಗ ಗೊತ್ತಾಗಿದ್ದು ಒಂದು ಸಂಜೆ, ಟಾರ್ಚ್ ಹಿಡಿದು ಹೋದಾಗ. ಅದೇ ನೀಲಿ ಪಟ್ಟೆಯ ಜೇನುಗಳು, ಈ ಸಲ ಗಂಡುಗಳು, ಒಂದೇ ಕಡ್ಡಿಗೆ ಆರೇಳು ಸಾಲಾಗಿ, ಬರೀ ದವಡೆಯಲ್ಲಿ ಕಚ್ಚಿ ಹಿಡಿದು ನಿದ್ದೆ ಮಾಡುತ್ತಿದ್ದವು. ಟಾರ್ಚ್ ಆರಿಸಿ ಬಂದೆ.