ಮಂಜು ಕವಿದ ದಿನ ಗ್ಯಾಲ್ವೆಸ್ಟನ್‌ನಲ್ಲಿ ಹಡಗು ಹತ್ತಿದ್ದು

"ಹಡಗು ಹತ್ತೋಕೆ ಅಂತ ಒಂದು ಟೈಮ್ ಕೊಡ್ತಾರಲ್ಲ, ಅದನ್ನ ನಿಜವಾಗ್ಲೂ ನೋಡ್ತಾರಾ?" ಮೊದಲ ಸಲ ಕ್ರೂಸ್‌ಗೆ ಹೊರಟ ಗೆಳತಿಯರೆಲ್ಲ ಕೇಳುವ ಪ್ರಶ್ನೆ ಇದು. ಅಮೆರಿಕದ ಹ್ಯೂಸ್ಟನ್ ಸುತ್ತಮುತ್ತ ಇರುವ ನಮ್ಮಂಥವರಿಗೆ ಗ್ಯಾಲ್ವೆಸ್ಟನ್ ಬಂದರು ಒಂದು ಗಂಟೆಯ ದಾರಿ. ಊರಿಂದ ಅಪ್ಪ ಅಮ್ಮ ಬಂದಾಗ ನಾಲ್ಕೈದು ದಿನ ಹಡಗಿನಲ್ಲಿ ಮೆಕ್ಸಿಕೋದ ಕೊಜುಮೆಲ್ ಕಡೆ ಕರೆದುಕೊಂಡು ಹೋಗುವುದು ಸುಲಭ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಿಲ್ಲ. ಅದೊಂದು ದೊಡ್ಡ ಅನುಕೂಲ.

"ಯಾರೂ ನೋಡಲ್ಲ, ಬೇಗ ಹೋಗಿಬಿಡಿ, ಮಧ್ಯಾಹ್ನದ ಊಟ ಹಡಗಲ್ಲೇ ಆಗುತ್ತೆ" ಅಂತ ಹೇಳುವವರು ಜಾಸ್ತಿ. ಎಲ್ಲ ಸರಿಯಾಗಿ ನಡೆಯುವ ದಿನ ಅದು ನಿಜವೂ ಹೌದು. ಹಿಂದೊಮ್ಮೆ ನಾವು ಸ್ನೇಹಿತರ ಜೊತೆ ಹೋದಾಗ ನಮ್ಮ ಫೋನಿನಲ್ಲಿದ್ದ ಪಾಸನ್ನು ಸ್ಕ್ಯಾನ್ ಮಾಡಿದರೇ ಹೊರತು ಅದರ ಮೇಲಿದ್ದ ಟೈಮನ್ನು ಯಾರೂ ಕೇಳಲಿಲ್ಲ. ಆದರೆ ಅಪ್ಪ ಅಮ್ಮನ ಜೊತೆ ಹೋದ ಫೆಬ್ರವರಿಯ ದಿನ ಆ ಮಾತು ನಡೆಯಲಿಲ್ಲ.

ಆ ದಿನ ಬೆಳಿಗ್ಗೆ ಅಮ್ಮ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕುತ್ತಿದ್ದರು. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ, ಹಾಗಾಗಿ ಹತ್ತುವ ಮುಂಚೆಯೇ ತಿಂದು ಮುಗಿಸುವುದು ಅಂತ ಲೆಕ್ಕ. ಅಷ್ಟರಲ್ಲಿ ಕಂಪನಿಯಿಂದ ಮೆಸೇಜ್ ಬಂತು. ಮಂಜಿನಿಂದಾಗಿ ಹಡಗು ಇನ್ನೂ ಸಮುದ್ರದಲ್ಲೇ ನಿಂತಿದೆ. ನಿಮ್ಮ ಟೈಮ್ ಬದಲಾಗಿದೆ. ಹೊಸ ಟೈಮಿಗಿಂತ ಮುಂಚೆ ದಯವಿಟ್ಟು ಟರ್ಮಿನಲ್ ಹತ್ತಿರ ಬರಬೇಡಿ.

ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್‌ಗೆ ಇದು ಹೊಸದಲ್ಲ. ದಡದ ಹತ್ತಿರದ ನೀರು ತಣ್ಣಗಿರುತ್ತದೆ. ಅದರ ಮೇಲೆ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬೆಚ್ಚಗಿನ, ತೇವದ ಗಾಳಿ ಬಂದರೆ ದಟ್ಟ ಮಂಜು ಕಟ್ಟುತ್ತದೆ. ಬಂದರಿನ ಕಾಲುವೆ ಕಿರಿದು. ಇಲ್ಲಿನ ನೀರು ಬಲ್ಲ ಪೈಲಟ್ ಒಬ್ಬರು ಹಡಗನ್ನೇರಿ ದಾರಿ ಹೇಳಬೇಕು. ಮಂಜು ದಟ್ಟವಾದರೆ ಪೈಲಟ್‌ಗಳು ಹಡಗುಗಳನ್ನು ಒಳಗೆ ತರುವುದನ್ನೇ ನಿಲ್ಲಿಸುತ್ತಾರೆ. ಅಷ್ಟು ಜನರಿರುವ ಹಡಗನ್ನು ಕಣ್ಣು ಕಾಣದ ಕಡೆ ನಡೆಸುವುದಕ್ಕಿಂತ ಕಾಯುವುದೇ ಸರಿ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇದ್ದದ್ದು ಮೆಸೇಜಿನ ಇನ್ನೊಂದು ಸಾಲಿನ ಬಗ್ಗೆ. ನಾವು ಎರಡು ರೂಮು ತೆಗೆದುಕೊಂಡಿದ್ದೆವು. ಒಂದರಲ್ಲಿ ಅಪ್ಪ ಅಮ್ಮ, ಇನ್ನೊಂದರಲ್ಲಿ ನಾನು, ನನ್ನ ಗಂಡ, ಮಗಳು. ಆನ್‌ಲೈನ್ ಚೆಕ್-ಇನ್ ಮಾಡುವಾಗ ಎರಡೂ ರೂಮಿಗೆ ಹನ್ನೆರಡೂವರೆಯನ್ನೇ ಆರಿಸಿಕೊಂಡಿದ್ದೆವು. ಈಗ ಕಂಪನಿಯವರು ತಾವೇ ಹೊಸ ಟೈಮ್ ಹಂಚಿದ್ದರು. ಅಪ್ಪ ಅಮ್ಮನಿಗೆ ನಾಲ್ಕು ಗಂಟೆ. ನಮಗೆ ಐದೂವರೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿದ್ದವರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಹಳ ವರ್ಷ ಕಂಟ್ರೋಲರ್ ಆಗಿದ್ದರು. ಟೈಮ್ ಅಂದರೆ ಅವರಿಗೆ ಹುಡುಗಾಟವಲ್ಲ. "ಹಡಗು ಬಂದ ಮೇಲೂ ಯಾಕೆ ಇಷ್ಟು ಹೊತ್ತು?" ಅಂತ ಕೇಳಿದರು. ನಾನು ಗೊತ್ತಿದ್ದಷ್ಟು ಹೇಳಿದೆ. ಅದೇ ಹಡಗಿನಲ್ಲಿ ಸಾವಿರಾರು ಜನ ವಾಪಸ್ ಬರುತ್ತಿದ್ದಾರೆ. ಅವರೆಲ್ಲ ಇಳಿಯಬೇಕು, ಇಮಿಗ್ರೇಶನ್ ದಾಟಬೇಕು. ಹೋಗಬೇಕಾದವರು ಒಬ್ಬರೂ ಒಳಗೆ ಉಳಿದಿಲ್ಲ ಅಂತ ಲೆಕ್ಕ ಸೊನ್ನೆಗೆ ಬಂದ ಮೇಲೆಯೇ ಹೊಸಬರನ್ನು ಹತ್ತಿಸುತ್ತಾರೆ. ಅಷ್ಟರಲ್ಲಿ ರೂಮುಗಳನ್ನು ಚೊಕ್ಕ ಮಾಡಬೇಕು, ಸಾಮಾನು ತುಂಬಬೇಕು.

ಅಪ್ಪನಿಗೆ ತಕ್ಷಣ ಹೊಳೆಯಿತು. "ಇಳಿಯೋರು ಇಳಿಯೋಕ್ಕೆ ಮುಂಚೆ ಹತ್ತೋರು ನುಗ್ಗಿದ್ರೆ ಬಾಗಿಲಲ್ಲೇ ಸಿಕ್ಕಿಕೊಳ್ತಾರೆ. ಜಾತ್ರೆ ಟೈಮಲ್ಲಿ ನಮ್ಮ ಸ್ಟ್ಯಾಂಡಲ್ಲಿ ಅದೇ ಕತೆ. ಬಸ್ಸು ಅರ್ಧ ಗಂಟೆ ಲೇಟಾಗಿ ಬಂದ್ರೆ, ಈ ನುಗ್ಗಾಟಕ್ಕೆ ಇನ್ನರ್ಧ ಗಂಟೆ ಲೇಟಾಗಿ ಹೊರಡ್ತಿತ್ತು. ಇವರು ಮಾಡಿರೋದು ಸರಿ ಇದೆ ಪುಟ್ಟಿ."

ಮನೆಯಲ್ಲಿ ಕೂತಿರಲು ಯಾರಿಗೂ ಮನಸ್ಸಾಗಲಿಲ್ಲ. ಹನ್ನೊಂದಕ್ಕೆ ಹೊರಟು ಗ್ಯಾಲ್ವೆಸ್ಟನ್ ಸೀವಾಲ್ ಹತ್ತಿರ ಕಾರು ನಿಲ್ಲಿಸಿದೆವು. ಅಲ್ಲೇ ಚಿತ್ರಾನ್ನ ತಿಂದೆವು. 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಈ ಊರಿನಲ್ಲಿ ಸಾವಿರಾರು ಜನ ಸತ್ತರು. ಆಮೇಲೆ ಕಟ್ಟಿದ ಗೋಡೆ ಇದು. 17 ಅಡಿ ಎತ್ತರ. ಗೋಡೆ ಕಟ್ಟಿದ್ದು ಸಾಲದು ಅಂತ ಊರಿನ ನೆಲವನ್ನೇ ಎತ್ತರಿಸಿದರು. ಮನೆಗಳನ್ನು ಜಾಕಿ ಕೊಟ್ಟು ಎತ್ತಿ, ಕೆಳಗೆ ಮರಳು ತುಂಬಿದರು. "ಜನ ಇರೋ ಮನೆನೇ ಎತ್ತಿದ್ರಾ?" ಅಂತ ಅಮ್ಮ ಎರಡೆರಡು ಸಲ ಕೇಳಿದರು. ಎದುರಿಗೆ ಮಂಜಿನಲ್ಲಿ ಅಲೆಯ ಸದ್ದು ಮಾತ್ರ ಕೇಳುತ್ತಿತ್ತು.

ಮೂರೂವರೆ ಹೊತ್ತಿಗೆ ಬಂದರಿನ ಕಡೆ ಹೊರಟೆವು. ಹಾರ್ಬರ್‌ಸೈಡ್ ಡ್ರೈವ್‌ನಲ್ಲಿ ಕಾರುಗಳ ಸಾಲು ಅಲುಗುತ್ತಿರಲಿಲ್ಲ. ಡಲ್ಲಾಸ್‌ನಿಂದ ಬರುವವರಿಗೆ ನಾಲ್ಕೈದು ಗಂಟೆಯ ದಾರಿ. ಮೆಸೇಜ್ ಬರುವ ಮುಂಚೆಯೇ ಅವರು ಮನೆ ಬಿಟ್ಟಿದ್ದರು. ಸಣ್ಣ ಮಕ್ಕಳಿರುವವರು, ಹೋಟೆಲ್ ರೂಮು ಖಾಲಿ ಮಾಡಿ ಬಂದವರು. ಅವರು ಎಲ್ಲಿಗೆ ಹೋಗಬೇಕು? "ಬರಬೇಡಿ" ಅಂದವರು ಇನ್ನೊಂದು ಸಾಲು ಬರೆದು, ಇಂಥ ಕಡೆ ಕಾಯಿರಿ ಅಂತ ಹೇಳಬಹುದಿತ್ತಲ್ವಾ?

ಟರ್ಮಿನಲ್ ಬಾಗಿಲಲ್ಲಿ ಆ ದಿನ ಟೈಮನ್ನು ಖಂಡಿತ ನೋಡುತ್ತಿದ್ದರು. ಬೋರ್ಡ್ ಹಾಕಿದ್ದರು. ಕಂಪನಿಯ ಹುಡುಗಿಯೊಬ್ಬಳು ಪ್ರತಿಯೊಬ್ಬರ ಫೋನನ್ನೂ ಓದಿ, ಹೊತ್ತಿಗೆ ಮುಂಚೆ ಬಂದವರನ್ನು ಪಕ್ಕಕ್ಕೆ ಕಳಿಸುತ್ತಿದ್ದಳು. ನಮ್ಮ ಸರದಿ ಬಂತು. "ಇವರಿಬ್ಬರು ಹೋಗಬಹುದು. ನೀವು ಮೂವರು ಐದೂವರೆಗೆ ಬನ್ನಿ."

ಅಮ್ಮನಿಗೆ ಮಂಡಿ ನೋವು. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಪಾಸ್‌ಪೋರ್ಟ್, ವೀಸಾ ನೋಡುವಾಗ ಏನಾದರೂ ಕೇಳಿದರೆ ನಾನು ಪಕ್ಕದಲ್ಲಿರಬೇಕು. ಅದನ್ನೇ ಹೇಳಿದೆ. ಒಟ್ಟಿಗೆ ಬುಕ್ ಮಾಡಿದ್ದನ್ನೂ ತೋರಿಸಿದೆ. ಆ ಹುಡುಗಿ ಸಮಾಧಾನವಾಗಿಯೇ ಕೇಳಿಸಿಕೊಂಡು ಮೇಲಿನವರನ್ನು ಕರೆದಳು. ಅವರು ಹೇಳಿದ್ದು ಇಷ್ಟು. "ಬೇಕಾದರೆ ವೀಲ್‌ಚೇರ್ ಕೊಟ್ಟು ನಮ್ಮವರ ಜೊತೆ ಇವರಿಬ್ಬರನ್ನು ಕಳಿಸುತ್ತೇವೆ. ಇಲ್ಲವಾದರೆ ಐವರೂ ಐದೂವರೆಗೆ ಬನ್ನಿ. ತಡವಾಗಿ ಬಂದರೆ ತೊಂದರೆ ಇಲ್ಲ. ಮುಂಚೆ ಮಾತ್ರ ಬಿಡೋಕ್ಕಾಗಲ್ಲ."

"ಬೇಡ ಕಣೆ, ಎಲ್ಲಾ ಒಟ್ಟಿಗೇ ಹೋಗೋಣ" ಅಂದರು ಅಮ್ಮ.

ಹೊರಗೆ ಕೂರಲು ಒಂದು ಬೆಂಚೂ ಇರಲಿಲ್ಲ. ಅಪ್ಪ ತಾವೇ ಹೋಗಿ, ಸೂಟ್‌ಕೇಸ್ ಇಳಿಸಿಕೊಳ್ಳುವ ಪೋರ್ಟರ್ ಒಬ್ಬರನ್ನು ಕೈಸನ್ನೆಯಲ್ಲೇ ಮಾತನಾಡಿಸಿ ಒಂದು ಮಡಚುವ ಕುರ್ಚಿ ತಂದರು. ಆ ಪೋರ್ಟರ್ ಆಮೇಲೆ ತಾನಾಗಿಯೇ ಇನ್ನೂ ಎರಡು ಕುರ್ಚಿ ತಂದು, ನಮ್ಮ ಹಿಂದೆ ನಿಂತಿದ್ದ ವಯಸ್ಸಾದ ದಂಪತಿಗೆ ಕೊಟ್ಟರು. ಅವರಿಗೆ ದೇವರು ಒಳ್ಳೇದು ಮಾಡಲಿ.

ಕಾಯುವ ಹೊತ್ತಿನಲ್ಲಿ ಪಕ್ಕದ ಸಾಲಿನಲ್ಲಿ ಆಗಾಗ ಜನ ಸಲೀಸಾಗಿ ಒಳಗೆ ಹೋಗುತ್ತಿದ್ದರು. ದೊಡ್ಡ ಸೂಟ್ ರೂಮು ತೆಗೆದುಕೊಂಡವರು, ಅದೇ ಕಂಪನಿಯಲ್ಲಿ ಬಹಳ ಸಲ ಪ್ರಯಾಣ ಮಾಡಿದವರು. ಅವರಿಗೆ ಬೇರೆ ಸಾಲು ಇರುತ್ತದೆ. ಜಾಸ್ತಿ ದುಡ್ಡು ಕೊಟ್ಟವರಿಗೆ ಒಳ್ಳೆಯ ರೂಮು ಕೊಡಲಿ, ಒಳ್ಳೆಯ ಊಟ ಕೊಡಲಿ. ಆದರೆ ಮಂಜು ಕವಿದ ದಿನ ಮಂಡಿ ಹಿಡಿದುಕೊಂಡು ನಿಂತ ಎಪ್ಪತ್ತರ ಹೆಂಗಸಿಗೆ ಸಡಿಲವಾಗದ ನಿಯಮ ದುಡ್ಡಿಗೆ ಸಡಿಲವಾಗುವುದು ತಪ್ಪು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಐದು ಗಂಟೆ ಆಗಿತ್ತು. ಪಾರ್ಕಿಂಗ್ ಕಡೆಯ ಶಟಲ್ ಬಸ್ಸಿನಿಂದ ಇಬ್ಬರು ಮಕ್ಕಳ ಕೈ ಹಿಡಿದುಕೊಂಡು ಒಬ್ಬರು ಓಡಿ ಬಂದರು. ನಮ್ಮ ಮಾತು ಕಿವಿಗೆ ಬಿದ್ದಿದ್ದೇ ನಿಂತರು. "ಕನ್ನಡದವರೇನ್ರೀ? ನಮ್ದು ನಾಲ್ಕೂವರೆಕ್ಕಿತ್ರೀ. ಟೈಮ್ ಮುಗದು ಹೋತು. ಒಳಗ ಬಿಡ್ತಾರೋ ಇಲ್ಲೋ?" ಡಲ್ಲಾಸ್‌ನಿಂದ ಬಂದವರು, ಊರು ಹುಬ್ಬಳ್ಳಿ. ಗಂಡ ಹಿಂದೆ ಬ್ಯಾಗು ಎಳೆದುಕೊಂಡು ಬರುತ್ತಿದ್ದರು. ಆ ತಾಯಿಯ ಕಣ್ಣಲ್ಲಿ ನೀರಿತ್ತು. "ಗಾಬರಿ ಆಗಬೇಡಿ, ತಡವಾದವರನ್ನ ಬಿಡ್ತಾರೆ" ಅಂದೆ. ಆ ಹುಡುಗಿ ಅವರ ಫೋನು ನೋಡಿ, ಒಂದು ಮಾತೂ ಕೇಳದೆ ಒಳಗೆ ಕಳಿಸಿದಳು.

ಹಾಗಂತ ಎಷ್ಟು ಬೇಕಾದರೂ ತಡ ಮಾಡುವಂತಿಲ್ಲ. ಹಡಗು ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮುಂಚೆ ಪ್ರಯಾಣಿಕರ ಕೊನೆಯ ಪಟ್ಟಿ ಅಮೆರಿಕದ ಕಸ್ಟಮ್ಸ್ ಮತ್ತು ಗಡಿ ಇಲಾಖೆಗೆ ಹೋಗಬೇಕು. ಹಾಗಾಗಿ ಕಂಪನಿಗಳು ಚೆಕ್-ಇನ್ ಅನ್ನು ಅದಕ್ಕೂ ಮೊದಲೇ ಮುಚ್ಚುತ್ತವೆ. ನಮ್ಮ ಹಡಗಿಗೆ ಆ ದಿನ ಆರೂವರೆ ಅಂತ ಬರೆದಿದ್ದರು. ಆ ಹೊತ್ತು ದಾಟಿದರೆ ಅತ್ತರೂ ಪ್ರಯೋಜನವಿಲ್ಲ, ಸೂಟ್ ರೂಮಿನವರಾದರೂ ಅಷ್ಟೇ.

ಐದೂವರೆಗೆ ಒಳಗೆ ಹೋದ ಮೇಲೆ ಎಲ್ಲ ಬೇಗ ಆಯಿತು. ಬ್ಯಾಗು ಎಕ್ಸ್-ರೇ, ಪಾಸ್‌ಪೋರ್ಟ್, ಫೋಟೋ. ಅಪ್ಪ ಅಮ್ಮನ ವೀಸಾದಲ್ಲಿ ಎಂಟ್ರೀಸ್ ಅಂತ ಇರುವ ಕಡೆ 'ಎಂ' ಅಕ್ಷರ ಇದೆಯಾ ಅಂತ ನೋಡಿದರು. ಅದಿದ್ದರೆ ಅಮೆರಿಕಕ್ಕೆ ಮತ್ತೆ ಮತ್ತೆ ಬರಬಹುದು ಅಂತ ಅರ್ಥ. ಮೆಕ್ಸಿಕೋಗೆ ಹೋಗಿ ವಾಪಸ್ ಬರಬೇಕಲ್ಲ, ಅದಕ್ಕೆ. ಒಳಗೆ ಇಷ್ಟು ಸಲೀಸಾಗಿದ್ದಕ್ಕೆ ಕಾರಣ ಹೊರಗೆ ಟೈಮ್ ನೋಡಿ ಬಿಟ್ಟಿದ್ದೇ. ಅದನ್ನು ಒಪ್ಪಿಕೊಳ್ಳಬೇಕು.

ಹತ್ತಿದ ಮೇಲೂ ಒಂದು ಕೆಲಸ ಇತ್ತು. ಅಪಾಯವಾದರೆ ಎಲ್ಲಿ ಸೇರಬೇಕು ಅನ್ನುವ ಡ್ರಿಲ್. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆ ಸಮಯ ಕೊಡುತ್ತಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಮಾಡಲೇಬೇಕು. ನಾವು ಮೊದಲು ಅಲ್ಲಿಗೇ ಹೋದೆವು. ಅಮ್ಮ ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ಮೊಮ್ಮಗಳ ಜೊತೆ ಗಮನವಿಟ್ಟು ನೋಡಿದರು. ಎಂಟೂವರೆ ದಾಟಿದ ಮೇಲೆ ಹಡಗು ಹೊರಟಿತು.

ವಾಪಸ್ ಬಂದ ವಾರ ಕಂಪನಿಗೆ ಪತ್ರ ಬರೆದೆ. ಟೈಮ್ ನೋಡುವುದನ್ನು ನಿಲ್ಲಿಸಿ ಅಂತ ಕೇಳಲಿಲ್ಲ. ಟೈಮ್ ಬದಲಿಸುವಾಗ ಒಟ್ಟಿಗೆ ಬುಕ್ ಮಾಡಿದ ರೂಮುಗಳನ್ನು ಒಡೆಯಬೇಡಿ. ವಯಸ್ಸಾದವರಿಗೆ ಹೊರಗೆ ಕುರ್ಚಿ ಹಾಕಿ. ಎಲ್ಲಿ ಕಾಯಬೇಕು ಅಂತ ಮೆಸೇಜಿನಲ್ಲಿ ಬರೆಯಿರಿ. ಇಷ್ಟೇ ಕೇಳಿದ್ದು. ಅಪ್ಪ ಪಕ್ಕದಲ್ಲಿ ಕೂತು, "ಆ ಪೋರ್ಟರ್ ಬಗ್ಗೆ ಒಳ್ಳೆ ಮಾತು ಬರಿ" ಅಂದರು. ಬರೆದೆ. ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತಿತ್ತು, ಕೇಳಿದ್ದರ ಬಗ್ಗೆ ಏನೂ ಇರಲಿಲ್ಲ. ಮತ್ತೆ ಬರೆದಿದ್ದೇನೆ. ಮುಂದಿನ ಚಳಿಗಾಲಕ್ಕೆ ಅತ್ತೆ ಮಾವ ಬರುತ್ತಾರೆ, ಆಗ ಮೂರು ರೂಮು ಬೇಕು. ಟೈಮ್ ಒಡೆದರೆ ಎಲ್ಲರೂ ಕೊನೆಯ ಟೈಮಿಗೇ ಹೋಗುವುದು ಅಂತ ಈಗಲೇ ಹೇಳಿಟ್ಟಿದ್ದೇನೆ, ಕಾರಿನಲ್ಲಿ ಎರಡು ಮಡಚುವ ಕುರ್ಚಿ ಇರುತ್ತವೆ.